ಗುಡ್ಡದ ಮೇಲಿನ ಗೆರೆ

ಮೂಲ ಚಿತ್ರದಲ್ಲಿ ಗೆರೆ ಇತ್ತು. ಬದಲಾಯಿಸಿದ ಚಿತ್ರದಲ್ಲಿ ಇರಲಿಲ್ಲ.

ಅವಳು ಎರಡನ್ನೂ ಅಕ್ಕಪಕ್ಕದ ಪರದೆಗಳಲ್ಲಿ ತೆರೆದಿಟ್ಟು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಇನ್ನೊಮ್ಮೆ ನೋಡಿದಳು. ಎಡಗಡೆ ಇದ್ದದ್ದು ವಿಮಾನದಿಂದ ತೆಗೆದು ಕಳಿಸಿದ ಹಾಗೆಯೇ ಇದ್ದ ಚಿತ್ರ: ಊರಿನ ಹಿಂದಿನ ಗುಡ್ಡ, ಅದರ ಇಳಿಜಾರಿಗೆ ಅಂಟಿಕೊಂಡ ಮನೆಗಳು, ಮನೆಗಳಿಂದ ಮೇಲೆ ಬರೀ ಹುಲ್ಲು, ಆ ಹುಲ್ಲಿನ ನಡುವೆ ಯಾರೋ ಪೆನ್ನು ಜಾರಿಸಿದಂಥ ಒಂದು ಕಪ್ಪು ಗೆರೆ. ಬಲಗಡೆಯೂ ಅದೇ ಗುಡ್ಡ, ಅದೇ ಮನೆಗಳು. ಗೆರೆ ಇರಬೇಕಾದ ಕಡೆ ಮಾತ್ರ ನುಣ್ಣಗೆ ಹುಲ್ಲು.

ಆ ಕಚೇರಿಯಲ್ಲಿ ಅವಳ ಕೆಲಸವೇ ಅದು. ಆಕಾಶದಿಂದ ತೆಗೆದ ಚಿತ್ರಗಳು ಆನೆ ಗಾತ್ರದವು. ನಗರಸಭೆಯ ಎಂಜಿನಿಯರುಗಳ ಕಂಪ್ಯೂಟರುಗಳಲ್ಲಿ ಅವು ತೆರೆಯುವುದೇ ಇಲ್ಲ. ಅವನ್ನು ಹಗುರವಾದ ಇನ್ನೊಂದು ಬಗೆಯ ಫೈಲಿಗೆ ಬದಲಾಯಿಸಿ ಕಳಿಸಬೇಕು. ವಾರದ ಮೊದಲಲ್ಲಿ ಆ ಕೆಲಸ ಅರ್ಧ ದಾರಿಗೆ ಬಂದು ಬಂದು ನಿಲ್ಲುತ್ತಿತ್ತು. ಹಳೆಯ ಬಗೆಯ ಫೈಲಿಗೆ ಅಷ್ಟು ಭಾರ ಹೊರುವ ಶಕ್ತಿ ಇಲ್ಲ ಎಂದು ಪತ್ತೆ ಹಚ್ಚಿ ಅದನ್ನು ಸರಿಮಾಡಿ, ಗೆದ್ದೆ ಎಂದುಕೊಂಡಿದ್ದಳು. ಎಲ್ಲ ಮುಗಿದ ಮೇಲೂ ಒಂದೆರಡನ್ನು ತೆರೆದು ಹೋಲಿಸುವುದು ಅವಳ ಅಭ್ಯಾಸ. ಅದಕ್ಕೇ ಕಚೇರಿಯವರು ಅವಳನ್ನು ಭೂತಗನ್ನಡಿ ಎನ್ನುತ್ತಿದ್ದರು. ಹಾಗೆ ತೆರೆದದ್ದೇ ತಪ್ಪಾಯಿತೇನೋ.

ಯಾಕೆಂದರೆ ಗೆರೆಯ ಕೆಳಗೆ ಮೊದಲು ಸಿಗುವ ಮನೆ, ಅಂಗಳದಲ್ಲಿ ನೀರಿನ ಬಿಳಿ ತೊಟ್ಟಿ ಇರುವ ಮನೆ, ಅವಳ ಭಾವನದು. ಅಕ್ಕ ಮದುವೆಯಾಗಿ ಹೋದ ಮನೆ. ಹೋದ ತಿಂಗಳಷ್ಟೇ ಅಕ್ಕ ಭಾವ ಅದನ್ನು ಖಾಲಿ ಮಾಡಿ ಪೇಟೆಯ ಕಡೆ ಬಾಡಿಗೆಗೆ ಬಂದಿದ್ದರು. ಅದನ್ನು ಮಾರಲು ಮಾತಾಗಿದ್ದದ್ದು ಇದೇ ಕಚೇರಿಯ ಡ್ರೈವರಿಗೆ. ಚಿತ್ರಗಳನ್ನು ಬದಲಾಯಿಸುವ ವಿಭಾಗಕ್ಕೆ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಭಾವನೇ. ಮಳೆಗಾಲ ಮುಗಿದ ಮೇಲೆ ಇಳಿಜಾರಿನ ಯಾವ ಮನೆಗಳಲ್ಲಿ ಜನ ಇರಬಹುದು, ಯಾವುದರಲ್ಲಿ ಇರಕೂಡದು ಎಂದು ನಗರಸಭೆ ತೀರ್ಮಾನ ಮಾಡುವುದು ಈ ಚಿತ್ರಗಳಲ್ಲಿ ಗುಡ್ಡ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಿಯೇ.

"ಮುಗೀತಾ?" ಎಂದು ಭಾವ ಹಿಂದಿನಿಂದ ಕೇಳಿದಾಗ ಅವಳ ಕೈ ತಾನಾಗಿಯೇ ಎಡಗಡೆಯ ಚಿತ್ರವನ್ನು ಮುಚ್ಚಿತು.

"ಇನ್ನೂ ಸ್ವಲ್ಪ ಇದೆ ಭಾವ."

"ಗುಡ್ಡದ ಕಡೇದು ಆಗಿದ್ದರೆ ಮೊದಲು ಅದನ್ನೇ ಕಳಿಸಿಬಿಡು. ನಗರಸಭೆಯವರು ಬೆಳಗ್ಗೆಯಿಂದ ಪ್ರಾಣ ತಿಂತಿದ್ದಾರೆ."

ಭಾವ ಎಂದಿನಂತೆಯೇ ಹೇಳಿದ್ದ. ಆದರೆ ಗುಡ್ಡದ್ದೇ ಯಾಕೆ ಮೊದಲು ಎಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ. ಕೆಲಸ ಕೊಡಿಸಿದವನು, ಮೌಸು ಹಿಡಿಯುವುದರಿಂದ ಹಿಡಿದು ಎಲ್ಲ ಹೇಳಿಕೊಟ್ಟವನು. ಅವನ ಮುಖವನ್ನು ಅವಳು ಅಲ್ಲಿಯವರೆಗೆ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಅವನು ಹೋದ ಮೇಲೆ ಮೂಲ ಚಿತ್ರದ ಒಂದು ಪ್ರತಿಯನ್ನು ಡಿಸ್ಕಿಗೆ ಇಳಿಸಿಕೊಂಡು ಚೀಲದ ತಳಕ್ಕೆ ಸೇರಿಸಿದಳು.

ಸಂಜೆ ಮನೆಗೆ ಹೋಗದೆ ಅಕ್ಕನ ಬಾಡಿಗೆ ಮನೆಗೆ ಹೋದಳು. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಇವಳೂ ಪಕ್ಕದಲ್ಲಿ ಕೂತು ಒಂದು ಹೊದಿಕೆಯ ತುದಿ ಹಿಡಿದುಕೊಂಡಳು.

"ಹಳೇ ಮನೆ ಮಾರೋಕೆ ಯಾಕಕ್ಕ ಇಷ್ಟು ಅವಸರ?"

"ಅವಸರ ಏನು ಬಂತು? ಆ ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಸವೆದುಹೋಯ್ತು. ಎಷ್ಟು ವರ್ಷದಿಂದ ಹೇಳ್ತಿದ್ದೆ, ಈಗ ಕಿವಿಗೆ ಬಿತ್ತು ನಿನ್ನ ಭಾವನಿಗೆ." ಅಕ್ಕ ಹೊದಿಕೆಯನ್ನು ಕೊಡವಿದಳು. "ಜೊತೆಗೆ ಅಡುಗೆಮನೆ ಹಿಂದಿನ ಬಾಗಿಲು ಬೇರೆ. ಮಳೆ ಶುರುವಾದ ಮೇಲೆ ಏನು ಮಾಡಿದರೂ ಚೌಕಟ್ಟಿನೊಳಗೆ ಕೂರಲ್ಲ ಅಂತಿತ್ತು. ಬಡಗಿನ ಕರೆಸಿ ಕೆತ್ತಿಸಿದ್ದೂ ಆಯ್ತು. ಎರಡು ವಾರಕ್ಕೆ ಮತ್ತೆ ಅದೇ ರಾಗ."

"ಭಾವ ಏನಂದರು?"

"ಏನಂತಾರೆ? ಮನೆ ನೋಡೋಕೆ ಬಂದವರ ಮುಂದೆ ಅದನ್ನೇ ಎತ್ತಿ ಆಡಬೇಡ ಮಾರಾಯ್ತಿ ಅಂದರು."

ಅಕ್ಕ ನಕ್ಕಳು. ಇವಳಿಗೆ ನಗು ಬರಲಿಲ್ಲ. ನೆಲ ಸರಿದರೆ ಚೌಕಟ್ಟು ಓರೆಯಾಗುತ್ತದೆ, ಚೌಕಟ್ಟು ಓರೆಯಾದರೆ ಬಾಗಿಲು ಕೂರುವುದಿಲ್ಲ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾವನಿಗಂತೂ ಖಂಡಿತ ಬೇಕಾಗಿರಲಿಲ್ಲ. ಅಷ್ಟರಲ್ಲಿ ಭಾವನೇ ಬಂದ. ಅವಳನ್ನು ಕಂಡು, "ಏನಿವತ್ತು ದಾರಿ ತಪ್ಪಿ ಬಂದ ಹಾಗಿದೆ?" ಎಂದ. ಅವಳ ಚೀಲ ಕುರ್ಚಿಯ ಮೇಲಿತ್ತು. ಕೂರಲು ಜಾಗ ಮಾಡಿಕೊಳ್ಳಲು ಭಾವ ಅದನ್ನು ಎತ್ತಿ ಬದಿಗಿಟ್ಟದ್ದು ಸಹ ಅವಳಿಗೆ ತೂಕ ನೋಡಿದಂತೆ ಕಂಡಿತು. ಊಟ ಮಾಡಿಕೊಂಡು ಹೋಗು ಎಂದರೂ ಕೇಳದೆ ತಲೆನೋವಿನ ನೆಪ ಹೇಳಿ ಎದ್ದಳು.

ಮರುದಿನ ಭಾವನಿಗಿಂತ ಮೊದಲೇ ಕಚೇರಿ ಸೇರಿದಳು. ಗುಡ್ಡದ ಚಿತ್ರವನ್ನು ತಾನೇ ಮೊದಲಿನಿಂದ ಬದಲಾಯಿಸಿದಳು. ಗೆರೆ ಮತ್ತೆ ಮಾಯ. ಇನ್ನೊಂದು ಯಂತ್ರದಲ್ಲಿ ಮಾಡಿದಳು. ಅಲ್ಲೂ ಮಾಯ. ಯಾರಾದರೂ ಕೂತು ಕೈಯಲ್ಲಿ ಅಳಿಸಿದ್ದರೆ ಅದು ಒಂದು ಸಲ ಆಗಬೇಕು, ಪ್ರತಿ ಸಲವೂ ಹೇಗೆ ಆದೀತು? ಹಾಗಾದರೆ ಈ ಒಂದು ಜಾಗವನ್ನೇ ಹುಡುಕಿ ಅಳಿಸುವ ಹಾಗೆ ಏನೋ ಕೈಚಳಕ ಮಾಡಿಟ್ಟಿರಬೇಕು. ಅನುಮಾನ ಹಾಗೆಯೇ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಲ್ಲಿ ಇಣುಕುತ್ತದೆ.

ಡ್ರೈವರ್ ಒಳಗೆ ಬಂದು ಅವಳ ಮೇಜಿನ ಹತ್ತಿರ ನಿಂತ. ತೆಳ್ಳಗಿನ ಮನುಷ್ಯ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ.

"ಮೇಡಂ, ಮುಂದಿನ ವಾರ ಸಾಮಾನು ಸಾಗಿಸೋದು ಅಂತ ಇದೆ. ಆ ಮನೇಲಿ ಬಿಸಿಲು ಯಾವ ಕಡೆಯಿಂದ ಬರುತ್ತೆ? ನಮ್ಮಮ್ಮನಿಗೆ ಬೆಳಗ್ಗೆ ಬಿಸಿಲು ಬೀಳೋ ಕೋಣೆ ಬೇಕಂತೆ."

"ಹಿಂದಿನ ಕೋಣೆಗೆ ಬರುತ್ತೆ" ಎಂದಳು. ಹಿಂದಿನ ಕೋಣೆ ಎಂದರೆ ಗುಡ್ಡಕ್ಕೆ ಬೆನ್ನು ಕೊಟ್ಟ ಕೋಣೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಗುಡ್ಡ ಬಿಟ್ಟು ಊರಿನ ಬೇರೆ ಬೇರೆ ಕಡೆಯ ಚಿತ್ರಗಳನ್ನು ತೆರೆದು ಮೂಲದ ಜೊತೆ ಹೋಲಿಸುತ್ತ ಹೋದಳು. ಸಂತೆ ಮೈದಾನದ ಮೂಲೆಯಲ್ಲಿ ಒಂದು ಹಾಳುಬಾವಿ ಇತ್ತು. ಚಿಕ್ಕಂದಿನಲ್ಲಿ ಅದರ ಹತ್ತಿರ ಹೋದರೆ ಅಮ್ಮ ಬೆನ್ನು ಮುರಿಯುತ್ತೇನೆ ಎನ್ನುತ್ತಿದ್ದಳು. ಮೂಲ ಚಿತ್ರದಲ್ಲಿ ಅದು ಕಾಡಿಗೆ ಬೊಟ್ಟಿನ ಹಾಗೆ ಕಪ್ಪಗಿತ್ತು. ಬದಲಾಯಿಸಿದ ಚಿತ್ರದಲ್ಲಿ ಬಾವಿಯೇ ಇರಲಿಲ್ಲ. ಸುತ್ತಲಿನ ಮಣ್ಣು ಚಾಪೆ ಹಾಸಿದಂತೆ ಅದರ ಮೇಲೆ ಹಬ್ಬಿತ್ತು. ಹೆಂಚಿನ ಕಾರ್ಖಾನೆಯ ಚಿಮಣಿಯ ಬಾಯಿಯೂ ಮುಚ್ಚಿಹೋಗಿತ್ತು.

ಅವಳು ಬೆನ್ನು ಕುರ್ಚಿಗೆ ಆನಿಸಿ ಕೂತಳು. ಹಾಳುಬಾವಿಯನ್ನು ಮುಚ್ಚಿಟ್ಟು ಯಾರಿಗೆ ಏನಾಗಬೇಕಾಗಿದೆ?

ಆಮೇಲೆ ಕಾರಣ ಸಿಗಲು ಹೊತ್ತು ಹಿಡಿಯಲಿಲ್ಲ. ಮೂಲ ಚಿತ್ರದಲ್ಲಿ ಕಪ್ಪಿಗೆ ಸಾವಿರ ಛಾಯೆಗಳಿದ್ದರೆ ಹಗುರವಾದ ಫೈಲಿನಲ್ಲಿ ಕೆಲವೇ. ತೀರಾ ಕಪ್ಪಗಿದ್ದದ್ದೆಲ್ಲ ಒಟ್ಟಿಗೆ ಸೊನ್ನೆಗೆ ಇಳಿಯುತ್ತಿತ್ತು. ಸೊನ್ನೆ ಎಂದರೆ ಅಲ್ಲಿ ಚಿತ್ರವೇ ಇಲ್ಲ ಎಂದು ತಂತ್ರಾಂಶ ತಿಳಿಯುತ್ತಿತ್ತು. ಖಾಲಿ ಜಾಗ ಕಂಡರೆ ಅಕ್ಕಪಕ್ಕದ ಬಣ್ಣ ತಂದು ತುಂಬು ಎಂಬ ಅಪ್ಪಣೆಯೂ ಅದಕ್ಕೆ ಕೊಟ್ಟಾಗಿತ್ತು. ಬಾವಿಗೆ ಮಣ್ಣು ತುಂಬಿತು, ಬಿರುಕಿಗೆ ಹುಲ್ಲು ತುಂಬಿತು. ಆ ಅಪ್ಪಣೆ ಕೊಟ್ಟವರು ಯಾರು ಎಂಬುದೊಂದೇ ಉಳಿದ ಪ್ರಶ್ನೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಭಾವನನ್ನು ಕರೆದು ಬಾವಿಯನ್ನು ತೋರಿಸಿದಳು.

"ತುಂಬೋಕೆ ಹೇಳಿಟ್ಟಿದ್ದು ನಾನೇ" ಎಂದ ಭಾವ. "ಬೇಸಿಗೇಲಿ ಕಳಿಸಿದ ಚಿತ್ರಗಳ ಅಂಚಲ್ಲೆಲ್ಲ ಕಪ್ಪು ಚುಕ್ಕೆ ಇದೆ ಅಂತ ನಗರಸಭೆಯವರು ಕೂಗಾಡಿರಲಿಲ್ವಾ? ನೀನೂ ಇದ್ದೆಯಲ್ಲ ಆವತ್ತು. ಆಗ ಹಾಕಿದ್ದು. ಹಾಗೇ ಉಳಿದಿದೆ." ಬಗ್ಗಿ ನೋಡಿ ತಲೆ ಆಡಿಸಿದ. "ಒಳ್ಳೇ ಕೆಲಸ ಆಯ್ತು, ಬಾವಿ ಮುಚ್ಚಿಬಿಟ್ಟಿದೆಯಲ್ಲ ಇದು."

ಆವತ್ತಿನ ಕೂಗಾಟ ಅವಳಿಗೂ ನೆನಪಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಗುಡ್ಡದ ಮೂಲ ಚಿತ್ರವನ್ನು ತೆರೆದಳು.

ಭಾವ ಬಗ್ಗಿದವನು ಬಗ್ಗಿದಂತೆಯೇ ಇದ್ದ. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಮತ್ತೆ ಹಾಕಿಕೊಂಡ.

"ನೆರಳಿರಬಹುದು."

"ಬೆಳಗಿನ ಚಿತ್ರ ಭಾವ. ಮನೆಗಳ ನೆರಳು ನೋಡಿ, ಎಲ್ಲ ಆ ಕಡೆಗಿದೆ. ಇದು ಅಡ್ಡಕ್ಕಿದೆ."

"ದನ ಓಡಾಡೋ ದಾರಿ ಇರಬಹುದು."

ಹೊರಗೆ ಯಾರೋ ಬುತ್ತಿಯ ಡಬ್ಬಿ ತೊಳೆಯುವ ಸದ್ದು ಕೇಳುತ್ತಿತ್ತು. ಭಾವ ಪಕ್ಕದ ಕುರ್ಚಿಯಲ್ಲಿ ಕೂತ.

"ಈ ಸಲ ಹೀಗೇ ಹೋಗಲಿ ಬಿಡು" ಎಂದ, ತಗ್ಗಿದ ದನಿಯಲ್ಲಿ. "ಬರೋ ತಿಂಗಳು ಮತ್ತೆ ವಿಮಾನ ಹಾರಿಸ್ತಾರೆ. ಆಗಲೂ ಕಂಡರೆ ಹೇಳೋಣ. ಈಗ ಸುಮ್ಮನೆ ಯಾಕೆ ಊರಿಗೆಲ್ಲ ಗಾಬರಿ."

"ಮುಂದಿನ ವಾರ ಡ್ರೈವರಣ್ಣ ಸಾಮಾನು ಸಾಗಿಸ್ತಾನಂತೆ. ಅವನ ತಾಯಿಗೆ ಹಿಂದಿನ ಕೋಣೆ."

ಭಾವ ಅವಳ ಕಡೆ ತಿರುಗಿದ. "ಇದನ್ನ ಯಾವಾಗ ನೋಡಿದೆ?"

"ನಿನ್ನೆ."

"ನಿನ್ನೆ ಮನೆಗೆ ಬಂದಿದ್ದು ಇದಕ್ಕಾ?"

ಅವಳು ಪರದೆಯ ಕಡೆ ತಿರುಗಿದಳು.

"ನಾನೇ ಅಳಿಸಿದ್ದೀನಿ ಅಂದುಕೊಂಡೆ ನೀನು."

ಇಲ್ಲ ಎನ್ನಬಹುದಿತ್ತು. ಆದರೆ ಈ ಸಲ ಹೀಗೇ ಹೋಗಲಿ ಎಂದು ಈಗಷ್ಟೇ ಭಾವ ಆಡಿದ ಮಾತು ಇಬ್ಬರ ನಡುವೆ ಇನ್ನೂ ಬಿಸಿಯಾಗಿಯೇ ಇತ್ತು. ಭಾವ ಎದ್ದು ಹೋದ. ಆ ದಿನ ಮತ್ತೆ ಅವಳ ಮೇಜಿನ ಕಡೆ ಸುಳಿಯಲಿಲ್ಲ. ಅವಳು ತುಂಬುವ ಅಪ್ಪಣೆಯನ್ನು ತೆಗೆದುಹಾಕಿದಳು, ಸೊನ್ನೆಯನ್ನು ಖಾಲಿ ಎಂದು ತಿಳಿಯಬೇಡ ಎಂದು ಬರೆದಳು, ಎಲ್ಲ ಚಿತ್ರಗಳನ್ನೂ ಹೊಸದಾಗಿ ಬದಲಾಯಿಸಲು ಹಚ್ಚಿ ಮನೆಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ ಗಂಡ ಎರಡು ಸಲ ಕರೆದದ್ದು ಕೇಳಿಸಲಿಲ್ಲ. ಭಾವನ ಹತ್ತಿರ ಕಚೇರಿಯ ಕೀಲಿ ಇದೆ, ಪಾಸ್‌ವರ್ಡ್ ಇದೆ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಬೆಳಗ್ಗೆ ಮೊದಲು ತೆರೆದದ್ದು ಗುಡ್ಡದ ಚಿತ್ರವನ್ನೇ. ಗೆರೆ ಇತ್ತು. ಯಾರೂ ಮುಟ್ಟಿರಲಿಲ್ಲ. ಆದರೂ ಇನ್ನೊಮ್ಮೆ ಮೂಲದ ಜೊತೆ ಹೋಲಿಸಿದಳು.

ಭಾವ ಬರುವ ಹೊತ್ತು ಮೀರಿತು. ಅಕ್ಕನಿಗೆ ಫೋನ್ ಮಾಡೋಣವೆಂದು ಕೈಗೆತ್ತಿಕೊಂಡು ಇಟ್ಟಳು. ಕೊನೆಗೆ ಬಂದಾಗ ಅವನ ಚಪ್ಪಲಿ, ಪ್ಯಾಂಟಿನ ಮೊಣಕಾಲು ಎಲ್ಲ ಕೆಂಪು ಮಣ್ಣು. ಹಿಂದೆಯೇ ಡ್ರೈವರ್ ಇದ್ದ.

"ನೆರಳಲ್ಲ" ಎಂದ ಭಾವ. ನೀರಿನ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದ. "ಕೈ ಇಳಿಬಿಟ್ಟರೆ ತೋಳಿನವರೆಗೂ ಹೋಗುತ್ತೆ, ತಳ ಸಿಗಲ್ಲ. ಬಾಗಿಲು ಕೂರದಿದ್ದಾಗ ಮರ ಉಬ್ಬಿದೆ ಅಂದುಕೊಂಡಿದ್ದೆ ನಾನು." ತುಸು ತಡೆದು, "ಹಾಗೆ ಅಂದುಕೊಳ್ಳೋದು ಸಲೀಸಾಗಿತ್ತು" ಎಂದ.

ಅವಳು ಡ್ರೈವರನ ಮುಖ ನೋಡಿದಳು, ಅವನಿಗೆ ಭಾವ ಎಷ್ಟು ಹೇಳಿದ್ದಾನೆ ಎಂದು ತಿಳಿಯಲು.

"ಸಾರ್ ನನ್ನನ್ನೂ ಕರಕೊಂಡು ಹೋಗಿದ್ದರು ಮೇಡಂ" ಎಂದ ಅವನು. "ಬಿರುಕು ಹಾರಿ ಆ ಕಡೆ ಹೋಗಿ ನೋಡಿ ಬಂದೆ. ಮನೆ ಬೇಡ ಅಂದರು. ನೀವು ಕಂಡು ಹಿಡಿದಿರಂತೆ."

"ಕಳಿಸಿದೆಯಾ?" ಎಂದು ಭಾವ ಕೇಳಿದ, ಅವಳ ಕಡೆ ನೋಡದೆ.

"ಇನ್ನೂ ಇಲ್ಲ."

"ಕಳಿಸು."

ಭಾವ ನಿಂತೇ ಇದ್ದ. ಅವಳು ಗುಂಡಿ ಒತ್ತಿದಳು. ಹಗುರ ಮಾಡಿದ್ದರೂ ದೊಡ್ಡ ಫೈಲೇ, ನಿಧಾನವಾಗಿ ಹೋಗತೊಡಗಿತು. ಭಾವ ಕಿಟಕಿಯ ಹತ್ತಿರ ಹೋಗಿ, ಒಂದು ಪಿನ್ನು ತೆಗೆದುಕೊಂಡು ಉಗುರಿನ ಸಂದಿಯ ಮಣ್ಣನ್ನು ಒಂದೊಂದೇ ಬೆರಳಿನಿಂದ ಕೀಳುತ್ತ ನಿಂತ. ಫೈಲು ಪೂರ್ತಿ ಹೋಗುವವರೆಗೂ ತಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು. ಕಿಟಕಿಯ ಗಾಜಿನಲ್ಲಿ ಅವನಿಗೂ ಅವಳ ಆ ಕಾವಲು ಕಂಡಿರಬೇಕು.

ಡ್ರೈವರ್ ಮೇಜಿನ ಹತ್ತಿರ ಬಂದು ಬಗ್ಗಿದ.

"ಇದರಲ್ಲಿ ಮನೆ ಯಾವುದು ಮೇಡಂ?"

ಅವಳು ತೋರಿಸಿದಳು.

"ಸ್ವಲ್ಪ ದೊಡ್ಡದು ಮಾಡ್ತೀರಾ?"

ಮಾಡಿದಳು. ಮನೆಯ ಸೂರು, ಮೆಟ್ಟಿಲು, ಅಂಗಳ ಕಂಡವು.

"ಅಲ್ಲಿ, ಆ ಮೆಟ್ಟಿಲ ಪಕ್ಕ, ನಮ್ಮಮ್ಮ ಕೂರೋಕೆ ಒಂದು ಕಟ್ಟೆ ಕಟ್ಟಬೇಕು ಅಂತಿದ್ದೆ. ಇನ್ನೂ ದೊಡ್ಡದು ಮಾಡಿ."

ಅವಳು ಇನ್ನೂ ದೊಡ್ಡದು ಮಾಡಿದಳು. ಸೂರಿನ ಅಂಚು ಒಡೆದು ಚೌಕ ಚೌಕವಾಯಿತು. ಮತ್ತೂ ಹಿಗ್ಗಿಸಿದಾಗ ಮೆಟ್ಟಿಲೂ ಇಲ್ಲ, ಅಂಗಳವೂ ಇಲ್ಲ. ಪರದೆಯ ತುಂಬ ಬೂದು, ಕಂದು, ಹಸಿರು ಬಣ್ಣದ ಕೆಲವು ಚೌಕಗಳಷ್ಟೇ ಉಳಿದವು. ಡ್ರೈವರ್ ಎರಡೂ ಕೈ ಮೊಣಕಾಲಿಗೆ ಊರಿಕೊಂಡು, ಇನ್ನೂ ಬಗ್ಗಿ, ಅವನ್ನೇ ನೋಡುತ್ತಿದ್ದ.