ಗೇಟಿನ ಆಚೆ

ವಂದನಾರ್ಪಣೆಗೆಂದು ಮೈಕಿನ ಮುಂದೆ ಬಂದ ದಿವ್ಯಶ್ರೀ, ಬರೆದುಕೊಟ್ಟಿದ್ದ ಚೀಟಿಯನ್ನು ಮಡಿಸಿ ಮುಷ್ಟಿಯಲ್ಲಿ ಇಟ್ಟುಕೊಂಡಾಗಲೇ ಹೇಮಲತಾ ಮಿಸ್ಸು ಕುರ್ಚಿಯ ತುದಿಗೆ ಸರಿದಳು.

"ಸಾಹುಕಾರ್ರಿಗೆ ನಮಸ್ಕಾರ. ಕುಡಿಯೋ ನೀರಿನ ಮಿಷಿನ್ನು ಕೊಡ್ಸಿದ್ರಿ, ನಮಗೆಲ್ಲಾ ಖುಷಿ ಆಗೈತೆ. ಒಂದು ಪ್ರಶ್ನೆ ಐತೆ. ಪ್ರೇಯರ್ ಶುರುವಾದ್ಮೇಲೆ ಬಂದ್ರೆ ನಮ್ಮನ್ನ ಗೇಟಿನಾಚೆ ನಿಲ್ಲಿಸ್ತಾರೆ. ನೀವು ಬೆಳಿಗ್ಗೆ ಬತ್ತೀನಿ ಅಂದು ಮಧ್ಯಾಹ್ನ ಬಂದ್ರಿ. ನಿಮಗ್ಯಾಕೆ ಗೇಟು ತೆಗೆದ್ರು?"

ಬೆಳಗಿನಿಂದ ಬಿಸಿಲಲ್ಲಿ ಕೂತು ಬಾಡಿಹೋಗಿದ್ದ ಮಕ್ಕಳೆಲ್ಲ ತಲೆ ಎತ್ತಿದರು. ಶಾಮಿಯಾನದ ನೆರಳಲ್ಲಿದ್ದ ದೊಡ್ಡವರು ಮಾತ್ರ ತಲೆ ತಗ್ಗಿಸಿದರು. ಹೆಡ್‌ಮಾಸ್ಟರ್ ಗಂಗಾಧರಯ್ಯ ಹೇಮಲತಾಳ ಕಡೆ ಒಂದು ನೋಟ ಬೀರಿದರು. ಆಕೆ ಅತಿಥಿ ಶಿಕ್ಷಕಿ. ಬರುವ ಜೂನಿನಲ್ಲಿ ಕಣಕಟ್ಟೆ ಕಡೆಯ ಈ ಹೈಸ್ಕೂಲಿಗೆ ಮತ್ತೆ ಬರುವುದೋ ಬೇಡವೋ ಎನ್ನುವುದು ಆ ನೋಟದಲ್ಲೇ ಇತ್ತು.

ಹಾಗೆ ನೋಡಿದರೆ ಹುಡುಗಿಯದೇನು ತಪ್ಪು? ಸಮಾಜ ವಿಜ್ಞಾನದ ಪಿರಿಯಡ್ಡಿನಲ್ಲಿ ಇದೇ ಹೇಮಲತಾ ತಾನೇ ಹೇಳುತ್ತಿದ್ದದ್ದು, ಎದುರಿಗಿರುವವರು ಎಷ್ಟೇ ದೊಡ್ಡವರಾಗಲಿ, ಸರಿ ಕಾಣದಿದ್ದರೆ ಮರ್ಯಾದೆಯಿಂದಲೇ ಕೇಳಬೇಕು ಎಂದು? ಕ್ಲಾಸಿನ ಕಸ ಹುಡುಗಿಯರೇ ಯಾಕೆ ಗುಡಿಸಬೇಕು ಎಂದು ದಿವ್ಯಶ್ರೀ ಒಮ್ಮೆ ಕೇಳಿದಾಗ ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿ, ಮಾರನೆಯ ದಿನದಿಂದಲೇ ಹುಡುಗರ ಕೈಗೂ ಪೊರಕೆ ಕೊಟ್ಟಿದ್ದಳು.

ಈಗ ಎದ್ದುಹೋಗಿ ಮೈಕು ಕಸಿದುಕೊಂಡಳು. "ದಯವಿಟ್ಟು ಕ್ಷಮಿಸಬೇಕು ಸಾರ್. ಇಂಥದ್ದನ್ನ ಇಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಮನೇಲಿ ಕಲಿತು ಬಂದಿರಬೇಕು." ಆಮೇಲೆ ಹುಡುಗಿಯ ಕಡೆ ತಿರುಗಿ, "ಕಾಲಿಗೆ ಬೀಳು," ಎಂದಳು.

ದಿವ್ಯಶ್ರೀ ಅವಳ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ, ಪಾಠದ ನಡುವೆ ಮಿಸ್ಸು ಮುಂದೇನೋ ಹೇಳುತ್ತಾರೆ ಎಂದು ಕಾಯುವವಳ ಹಾಗೆ ಕಾದಳು. ಏನೂ ಬರಲಿಲ್ಲ. ಬಗ್ಗಿದಳು. ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಬಿಸಿಯೂಟದ ತಿಮ್ಮಕ್ಕ, ಅವಳ ತಾಯಿ, ಸೆರಗು ಎಳೆದುಕೊಂಡು ಒಳಗೆ ಸರಿದಳು.

ಅರಸೀಕೆರೆಯ ಕೊಬ್ಬರಿ ಸಾಹುಕಾರ ಕೆಂಚಪ್ಪ ಗಡಬಡಿಸಿ ಕಾಲು ಹಿಂದಕ್ಕೆ ಎಳೆದುಕೊಂಡರು. "ಏಳವ್ವ, ಏಳು. ಕೂಸು ಕೇಳಿದ್ದು ಸರಿಯಾಗೇ ಐತೆ ಕಣ್ರೀ. ಬಿಸಿಲಲ್ಲಿ ಕಾಯ್ಸಿದ್ದು ನಂದೇ ತಪ್ಪು. ಹಿಂಗೆ ಕೇಳೋದ್ನ ಯಾರು ಕಲ್ಸಿದ್ರು ಇವಳ್ಗೆ?"

ನಾನು ಎಂದಿದ್ದರೆ ಸಾಕಿತ್ತು. ಹೇಮಲತಾ ಮೈಕಿನ ವೈರು ಸುತ್ತುತ್ತಾ ನಿಂತಳು. ಅದು ಹುಟ್ಟುಗುಣ ಬಿಡಿ ಎಂದು ಗಂಗಾಧರಯ್ಯ ನಕ್ಕರು. ಥೂ, ಅವಳೂ ನಕ್ಕುಬಿಟ್ಟಳು.

ಭಾನುವಾರವಿಡೀ ಆ ನಗು ಅವಳ ಬೆನ್ನು ಬಿಡಲಿಲ್ಲ. ಪಾತ್ರೆ ಬೆಳಗುವಾಗ, ಬಟ್ಟೆ ಹಿಂಡುವಾಗ, ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ನಂದು ತಪ್ಪಾಯ್ತು ಕಣೇ ದಿವ್ಯಾ, ಇಷ್ಟನ್ನು ಕ್ಲಾಸಿನಲ್ಲಿ ಎಲ್ಲರ ಎದುರೇ ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಸೋಮವಾರ ಅರಸೀಕೆರೆಯ ಬಸ್ಸು ತಡವಾಯಿತು. ಅವಳ ಜೊತೆಗೇ ಇಳಿದ ಎಂಟನೇ ಕ್ಲಾಸಿನ ಮಕ್ಕಳಿಬ್ಬರು ಬ್ಯಾಗು ಕುಣಿಸುತ್ತಾ ಮುಂದೆ ಓಡಿದರು. ಗೇಟು ಹಾಕಿತ್ತು, ಮಕ್ಕಳಿಬ್ಬರೂ ಅದರ ಮುಂದೆಯೇ ನಿಂತುಬಿಟ್ಟಿದ್ದರು, ಒಳಗೆ ಪ್ರಾರ್ಥನೆ ಶುರುವಾಗಿತ್ತು. ಗೇಟು ಕಾಯುವ ಪಾಳಿ ಈ ವಾರ ಒಂಬತ್ತನೇ ಕ್ಲಾಸಿನದು. ಬೀಗದ ಕೈ ಹಿಡಿದು ನಿಂತಿದ್ದವಳು ದಿವ್ಯಶ್ರೀ.

ಮಿಸ್ಸನ್ನು ಕಂಡದ್ದೇ ಅವಳು ಬೀಗ ತೆಗೆದು, ಒಬ್ಬರು ನುಗ್ಗುವಷ್ಟು ಗೇಟು ಸರಿಸಿದಳು. "ನಮಸ್ತೆ ಮಿಸ್."

ಹೇಮಲತಾ ಅಲ್ಲೇ ನಿಂತಳು. ಕೇಳೇ, ನನ್ನನ್ನೂ ಕೇಳು ಎಂದು ಅವಳ ಜೀವ ಹಲುಬುತ್ತಿತ್ತು. ಹುಡುಗಿ ನೆಲ ನೋಡುತ್ತಾ ನಿಂತಿದ್ದಳು.

"ಇವರೂ ನನ್ನ ಬಸ್ಸಲ್ಲೇ ಬಂದ್ರು ಕಣೇ ದಿವ್ಯಾ."

"ರೂಲ್ಸ್ ಐತಲ್ಲ ಮಿಸ್. ನೀವು ಬನ್ನಿ."

ಪ್ರಾರ್ಥನೆಯ ಸಾಲಿನ ಮುಂದಿನಿಂದ ಗಂಗಾಧರಯ್ಯ ಇತ್ತಲೇ ನೋಡುತ್ತಿದ್ದರು. ಹೇಮಲತಾ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ಹಿಂದೆ ಗೇಟು ಮುಚ್ಚಿಕೊಂಡಿತು. ದಿವ್ಯಶ್ರೀ ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡಿದಳು.