ಉಪ್ಪು ತಿನ್ನುವ ಮಿಷನ್ನು ಮತ್ತು ಕೊನೆಯ ನಲ್ಲಿ

ನಮ್ಮೂರಿನ ಬೋರಿನ ನೀರಿಗೆ ಸೋಪು ನೊರೆ ಬರುವುದಿಲ್ಲ. ಬೇಳೆ ಬೇಗ ಬೇಯುವುದಿಲ್ಲ. ಚಹಾ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ತೀರ್ಥಹಳ್ಳಿ ಕಡೆಯಿಂದ ನೆಂಟರು ಬಂದರೆ, "ಎಂತ ನೀರು ಮಾರಾಯ್ರೆ ಇದು, ತಲೆ ತೊಳೆದ್ರೆ ಕೂದಲು ತೆಂಗಿನ ನಾರಾಗತ್ತೆ" ಎಂದು ಹೇಳಿಯೇ ಹೋಗುತ್ತಾರೆ. ಅವರಿಗೆ ಬಾವಿ ಇದೆ. ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿರುವ ನಮಗೆ ಪಂಚಾಯಿತಿ ಬೋರೇ ಗತಿ.

ನಾವು ಹನ್ನೊಂದು ಹೆಂಗಸರು ಸಂಘ ಮಾಡಿಕೊಂಡು ಮಾವಿನ ಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ನಮ್ಮ ಶೆಡ್ಡು ಅಂಗನವಾಡಿಯ ಗೋಡೆಗೆ ಅಂಟಿಕೊಂಡೇ ಇದೆ. ಬಾಟಲಿ ತೊಳೆಯುವುದು ನನ್ನ ಪಾಲಿನ ಕೆಲಸ. ಮಾತಾಡಬೇಕಾಗಿಲ್ಲದ ಕೆಲಸವಾದ್ದರಿಂದ ನಾನೇ ಕೇಳಿ ತೆಗೆದುಕೊಂಡೆ.

ಸಂಘಕ್ಕೆ ಹಿರಿಯರು ಹೇಮಾವತಿ. ಎಲ್ಲರಿಗೂ ಅವರು ಹೇಮಕ್ಕ. ಮಿಡಿಗೆ ಉಪ್ಪು ಹಾಕುವುದರಲ್ಲಿ ಅವರ ಕೈ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಎರಡು ವರ್ಷದ ಹಿಂದಿನ ಭರಣಿ ತೆರೆದರೂ ಮಿಡಿ ಕಟುಂ ಎನ್ನುತ್ತದೆ. "ಉಪ್ಪಿದ್ದಲ್ಲಿ ಹುಳ ಇಲ್ಲ" ಎನ್ನುವುದು ಅವರ ಮಾತು. ಅದು ನಮಗೂ ಬಾಯಿಪಾಠವಾಗಿತ್ತು.

ಬೋರಿನ ನೀರಿನಿಂದ ಬಾಟಲಿಯ ಮೇಲೆಲ್ಲ ಬಿಳಿ ಕಲೆ ಉಳಿಯುತ್ತಿತ್ತು. ನೀರು ಕಾಯಿಸುವ ಬಾಯ್ಲರಿನ ರಾಡು ಹಕ್ಕಳೆ ಕಟ್ಟಿ ಸುಟ್ಟುಹೋಗುತ್ತಿತ್ತು. ಅದಕ್ಕೆಂದು ಈ ಬೇಸಿಗೆಯಲ್ಲಿ ನೀರು ಮೆದು ಮಾಡುವ ಮಿಷನ್ನು ತಂದೆವು. ಆಳೆತ್ತರದ ನೀಲಿ ಡ್ರಮ್ಮು, ಪಕ್ಕದಲ್ಲಿ ಒಂದು ತೊಟ್ಟಿ. ಆ ತೊಟ್ಟಿಗೆ ಉಪ್ಪು ಸುರಿಯಬೇಕು. ಕೂರಿಸಲು ಬಂದಿದ್ದ ರವೀಂದ್ರ ಎಂಬ ಮೆಕ್ಯಾನಿಕ್ಕು, "ತೊಟ್ಟೀಲಿ ಉಪ್ಪು ಖಾಲಿ ಆಗೋಕೆ ಬಿಡಬೇಡಿ" ಎಂದ.

"ಇದು ಉಪ್ಪು ತಿನ್ನತ್ತನಾ?" ಎಂದರು ಹೇಮಕ್ಕ.

"ತಿನ್ನತ್ತೆ ಅಕ್ಕ, ಮೂಟೆಗಟ್ಲೆ."

"ಹಂಗಾದ್ರೆ ನಮ್ಮ ಪೈಕಿದೇ ಬಿಡು."

ಎಲ್ಲರೂ ನಕ್ಕೆವು. ಆ ನಗುವಿನಲ್ಲಿಯೇ ತಪ್ಪು ಶುರುವಾಗಿತ್ತು ಎಂದು ಆಗ ತಿಳಿಯಲಿಲ್ಲ.

ಮಿಷನ್ನು ಬಂದ ಮೇಲೆ ಸೋಪು ನೊರೆ ಬಂತು. ಬಾಟಲಿ ಫಳಫಳ ಎಂದಿತು. ಪಂಚಾಯಿತಿ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯ ವಾಸನೆಯೂ ಹೋಯಿತು. ವಾಸನೆ ಹೋಯಿತೆಂದರೆ ನೀರು ಶುದ್ಧವಾಯಿತು ಎಂದೇ ನಾವು ತಿಳಿದೆವು. ಹೇಮಕ್ಕ ಒಂದು ಪೈಪನ್ನು ಗೋಡೆಯಾಚೆ ಅಂಗನವಾಡಿಗೂ ಎಳೆಸಿದರು. "ಮಕ್ಕಳೂ ಒಳ್ಳೇ ನೀರು ಕುಡೀಲಿ" ಎಂದರು. ಅವರ ಮೊಮ್ಮಗಳು ಧನ್ಯಶ್ರೀ ಕೂಡ ಅಲ್ಲಿಗೇ ಹೋಗುತ್ತಾಳೆ. ಅವಳಿಗೆ ಮೂರು ವರ್ಷ.

ಮೊದಲೆಲ್ಲ ಅಂಗನವಾಡಿಯ ಕುಡಿಯುವ ನೀರಿನ ಡ್ರಮ್ಮಿಗೆ ದಿನಾ ಬೆಳಿಗ್ಗೆ ಕ್ಲೋರಿನ್ ಹನಿ ಹಾಕುತ್ತಿದ್ದವರು ಹೇಮಕ್ಕನೇ. ಸೀಸೆ ಕೊಟ್ಟವರು ಆಶಾ ಕಾರ್ಯಕರ್ತೆ ಪುಷ್ಪಮ್ಮ. ಮಿಷನ್ನು ಬಂದ ವಾರವೇ ಆ ಸೀಸೆ ಅಟ್ಟ ಸೇರಿತು. "ಉಪ್ಪಲ್ಲಿ ಮಿಂದು ಬರೋ ನೀರಿಗೆ ಇನ್ನೆಂತ ಔಷಧ?" ಎಂದರು ಹೇಮಕ್ಕ. ನಾವೂ ತಲೆಯಾಡಿಸಿದೆವು.

ಮಳೆ ಹಿಡಿದ ವಾರ ರಸ್ತೆ ಬದಿಯಲ್ಲಿ ಚರಂಡಿ ತೋಡುವಾಗ ನಮ್ಮ ಶೆಡ್ಡಿನ ಪೈಪು ಒಡೆಯಿತು. ಎರಡು ದಿನ ಕೆಸರು ನೀರು ಬಂತು. ಊರಿಗೆ ನೀರು ಬಿಡುವ ನೀರುಗಂಟಿ ತೀರ್ಥೇಶ ಪೈಪು ಕೂಡಿಸಿ, ನೀರು ತಿಳಿಯಾಗುವ ತನಕ ನಲ್ಲಿ ಬಿಟ್ಟ. ತಿಳಿಯಾಯಿತು. ಮರೆತೆವು.

ಹತ್ತು ದಿನದಲ್ಲಿ ಧನ್ಯಶ್ರೀಗೆ ಭೇದಿ ಹತ್ತಿತು. ಸಾಗರದ ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದು ಒಂದು ವಾರಕ್ಕೆ ಮತ್ತೆ ಶುರುವಾಗಿ, ಪುನಃ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಂಗನವಾಡಿಯ ತಕ್ಕಡಿಯಲ್ಲಿ ಹನ್ನೆರಡು ಕೆ.ಜಿ. ಇದ್ದ ಮಗು ಹತ್ತೂವರೆಗೆ ಇಳಿಯಿತು. ಓಡಾಡುವ ಮಗು ಅಜ್ಜಿಯ ಸೆರಗು ಹಿಡಿದು ಕೂರುವಂತಾಯಿತು. ಇನ್ನೂ ಇಬ್ಬರು ಮಕ್ಕಳಿಗೆ ಹೊಟ್ಟೆ ಕೆಟ್ಟಿತ್ತು.

ಹೇಮಕ್ಕ ಏನು ಮಾಡುತ್ತಿದ್ದರು ಗೊತ್ತೇ? ಮಗುವಿಗೆ ಬೇರೆ ಯಾವ ನೀರನ್ನೂ ಕೊಡುತ್ತಿರಲಿಲ್ಲ. ದಿನಾ ಸಂಜೆ ಮಿಷನ್ನಿನ ನಲ್ಲಿಯಿಂದಲೇ ಬಾಟಲಿ ತುಂಬಿಸಿ ಮನೆಗೆ ಒಯ್ಯುತ್ತಿದ್ದರು.

ಎರಡನೇ ಸಲ ಮಗು ಆಸ್ಪತ್ರೆಯಿಂದ ಬಂದ ಮಾರನೇ ದಿನ ಪುಷ್ಪಮ್ಮ ಶೆಡ್ಡಿಗೆ ಬಂದರು. ಹೇಮಕ್ಕ ಮಗುವಿನ ಗುಲಾಬಿ ಬಣ್ಣದ ಬಾಟಲಿಯನ್ನು ನಲ್ಲಿಗೆ ಹಿಡಿದಿದ್ದರು.

"ಯಾರಿಗೆ ಹೇಮಕ್ಕ ನೀರು?"

"ಕೂಸಿಗೆ."

"ಕುದಿಸ್ತೀರಾ?"

"ಎಂತಕೆ ಕುದಿಸೋದು? ಮಿಷನ್ ನೀರು ಇದು."

"ಕ್ಲೋರಿನ್ ಹನಿ ಹಾಕ್ತಿದೀರಿ ತಾನೇ?"

"ನಿನ್ ಸೀಸೆ ಅಟ್ಟದ ಮೇಲೈತೆ, ಬೇಕಾದ್ರೆ ತಗೊಂಡೋಗು."

ಪುಷ್ಪಮ್ಮ ಸಿಟ್ಟಾಗಲಿಲ್ಲ. ಉಪ್ಪಿನ ಮೂಟೆಯ ಮೇಲೆ ಕೂತರು. ಚೀಲದಿಂದ ನೀರು ಪರೀಕ್ಷೆಯ ಸಣ್ಣ ಪೆಟ್ಟಿಗೆ ತೆಗೆದರು. ಅಷ್ಟರಲ್ಲಿ ತೀರ್ಥೇಶ ಸೈಕಲ್ಲು ನಿಲ್ಲಿಸಿ ಒಳಗೆ ಬಂದ. ಪೆಟ್ಟಿಗೆ ಕಂಡೊಡನೆ ಅವನ ಮುಖ ಬಿಗಿಯಿತು.

"ನನ್ ಮೇಲೆ ಅನುಮಾನನಾ ಪುಷ್ಪಕ್ಕ? ದಿನಾ ಟ್ಯಾಂಕಿಗೆ ಬ್ಲೀಚಿಂಗ್ ಹಾಕ್ತೀನಿ, ಪರೀಕ್ಷೆನೂ ಮಾಡ್ತೀನಿ. ಇವತ್ತೂ ಹಳದಿ ಬಂದೈತೆ."

"ನೀನು ಸುಳ್ಳು ಹೇಳ್ತೀಯ ಅಂದ್ನಾ? ಕೂತ್ಕೋ."

ನನಗೆ ಒಂದು ವಿಷಯ ಗೊತ್ತಿತ್ತು. ಬಾಟಲಿ ತೊಳೆಯುವ ಜಾಗದಿಂದ ಟ್ಯಾಂಕು ಕಾಣುತ್ತದೆ. ದಿನವೂ ನೋಡುತ್ತಿದ್ದೆ. ಹೇಳಲೋ ಬೇಡವೋ ಎಂದು ಒಂದೇ ಬಾಟಲಿಯನ್ನು ನಾಲ್ಕು ಸಲ ತೊಳೆದೆ. ಕೊನೆಗೆ ಹೇಳಿದೆ.

"ತೀರ್ಥೇಶಣ್ಣ ನೀರು ಹಿಡಿಯೋದು ಟ್ಯಾಂಕಿನ ಬುಡದ ನಲ್ಲೀಲಿ. ಮಿಷನ್ನಿಂದ ಆಚೆಗೆ ಯಾರೂ ನೋಡಿಲ್ಲ."

"ಓ, ಕುಮುದಾಗೆ ಬಾಯಿ ಐತೆ" ಎಂದ ತೀರ್ಥೇಶ. ಆದರೆ ಇಲ್ಲ ಎನ್ನಲಿಲ್ಲ.

ಪುಷ್ಪಮ್ಮ ಎರಡು ಗಾಜಿನ ಕೊಳವೆ ತೆಗೆದರು. ಒಂದಕ್ಕೆ ಟ್ಯಾಂಕಿನ ನಲ್ಲಿಯ ನೀರು. ಇನ್ನೊಂದಕ್ಕೆ ಅಂಗನವಾಡಿಯ ನಲ್ಲಿಯ ನೀರು. ಎರಡಕ್ಕೂ ಪೆಟ್ಟಿಗೆಯಲ್ಲಿದ್ದ ದ್ರಾವಣದ ಹನಿ ಬಿಟ್ಟರು. ಟ್ಯಾಂಕಿನ ನೀರು ತಿಳಿ ಹಳದಿಯಾಯಿತು. ಅಂಗನವಾಡಿಯದು ಇದ್ದ ಹಾಗೇ ಇತ್ತು.

"ಹಳದಿ ಆದ್ರೆ ಕ್ಲೋರಿನ್ ಇದೆ ಅಂತ. ಬಣ್ಣ ಬರಲಿಲ್ಲ ಅಂದ್ರೆ ಕಾವಲಿಲ್ಲ ಅಂತ."

"ನಾನು ಹಾಕಿದ್ದು ಎಲ್ಲಿ ಹೋಯ್ತು ಹಂಗಾದ್ರೆ?" ಎಂದ ತೀರ್ಥೇಶ.

"ಈ ಡ್ರಮ್ಮಿನೊಳಗೆ ಸಾಸಿವೆಗಿಂತ ಸಣ್ಣ ಕಾಳು ತುಂಬಿರ್ತಾರೆ. ನೀರಲ್ಲಿರೋ ಸುಣ್ಣದಂಥ ಅಂಶನ ಆ ಕಾಳು ಹಿಡ್ಕೊಂಡು, ಬದಲಿಗೆ ಉಪ್ಪಿನಲ್ಲಿರೋ ಸೋಡಿಯಂ ಬಿಡತ್ತೆ. ಅದು ಕೊಟ್ಟು ಇದು ತಗೊಳ್ಳೋದು, ಅಷ್ಟೇ ಇದರ ಕೆಲಸ. ಹೋಗ್ತಾ ಹೋಗ್ತಾ ಕ್ಲೋರಿನ್ ಕೂಡ ಅಲ್ಲಿ ಸವೀತದೆ. ಭಾನುವಾರ ಶೆಡ್ಡಿಗೆ ರಜಾ ಅಂತ ನೀರು ಒಳಗೇ ನಿಂತ್ರೆ ಇನ್ನೂ ಸವೀತದೆ. ನೀವು ವಾಸನೆ ಹೋಯ್ತು ಅಂತ ಖುಷಿಪಟ್ರಲ್ಲ, ಹೋಗಿದ್ದು ಕಾವಲುಗಾರ."

"ಕ್ಲೋರಿನ್ ಹೋದ್ರೆ ಹೋಗ್ಲಿ" ಎಂದರು ಹೇಮಕ್ಕ. "ಉಪ್ಪು ಐತಲ್ಲ ಒಳಗೆ. ಉಪ್ಪಲ್ಲಿ ಯಾವ ಹುಳ ಬದುಕತ್ತೆ? ಐವತ್ತು ವರ್ಷದಿಂದ ಮಿಡಿ ಹಾಕ್ತಿದೀನಿ, ನಂಗೆ ಹೇಳ್ಕೊಡ್ತೀಯಾ?"

"ಇಲ್ಲಪ್ಪ. ನೀವೇ ನಂಗೆ ಹೇಳಿ. ಮಿಡಿಗೆ ಎಷ್ಟು ಉಪ್ಪು?"

"ನಾಲ್ಕು ಸೇರಿಗೆ ಒಂದು ಸೇರು. ನಿಂಗೊತ್ತಿಲ್ವಾ?"

"ಒಂದು ಮುಷ್ಟಿ ಹಾಕಿ ಬಿಟ್ರೆ?"

"ಎಂಟು ದಿನಕ್ಕೆ ಬೂಷ್ಟು ಹಿಡಿದು ನಾರತ್ತೆ."

"ಸರಿ. ಈಗ ಆ ನಲ್ಲಿ ನೀರಿನ ರುಚಿ ಹೆಂಗೈತೆ? ಉಪ್ಪಾ?"

"ಸಪ್ಪೆ" ಎಂದರು ಹೇಮಕ್ಕ.

"ಸಪ್ಪೆ ನೀರಲ್ಲಿ ಹುಳ ಸಾಯತ್ತಾ?"

"ಮತ್ತೆ ಇಷ್ಟು ಮೂಟೆ ಉಪ್ಪು ಎಲ್ಲಿಗೆ ಹೋಗ್ತಿತ್ತು?"

ನಾನು ಹಿತ್ತಲ ಬಾಗಿಲ ಕಡೆ ಕೈ ತೋರಿಸಿದೆ. ಮಿಷನ್ನಿನ ಹೊಲಸು ನೀರು ಹೊರಗೆ ಬೀಳುವ ಪೈಪಿನ ಬಾಯಲ್ಲಿ ಹೇಮಕ್ಕನ ಬಸಳೆ ಚಪ್ಪರ ಇತ್ತು. ಎಲೆಯಂಚು ಸುಟ್ಟು, ಬಳ್ಳಿ ಒಣಗಿತ್ತು. ರೋಗ ಎಂದುಕೊಂಡು ಅವರು ಬೂದಿ ಹಾಕುತ್ತಿದ್ದರು.

"ಆ ಉಪ್ಪು ಕಾಳು ತೊಳೆಯೋಕೆ" ಎಂದರು ಪುಷ್ಪಮ್ಮ. "ತೊಳೆದು ಚರಂಡಿಗೆ ಹೋಗತ್ತೆ. ಕುಡಿಯೋ ನೀರಿನ ಹುಳ ಕೊಲ್ಲೋಕೆ ಅಲ್ಲ. ಪೈಪು ಒಡೆದಾಗ ಕೆಸರು ಬಂತಲ್ಲ, ನಲ್ಲಿ ನೀರು ತಿಳಿಯಾಯ್ತು, ಆದ್ರೆ ಒಳಗೆ ಕಾಳಿನ ಸಂದೀಲಿ ಕೂತಿದ್ದು ಹೋಯ್ತು ಅಂತ ಹೆಂಗೆ ಹೇಳೋದು? ಕಾವಲಿಲ್ಲದ ಕಡೆ ಅದು ಬೆಳೆಯತ್ತೆ."

ಹೇಮಕ್ಕ ಕೈಯಲ್ಲಿದ್ದ ಗುಲಾಬಿ ಬಾಟಲಿ ನೋಡಿದರು. ಆದರೂ ಸೋಲಲಿಲ್ಲ. "ಇದೇ ನೀರಿಂದ ಕೂಸಿಗೆ ಹಿಂಗಾಯ್ತು ಅಂತ ನೀ ಕಂಡೀಯಾ?"

"ಕಂಡಿಲ್ಲ. ಅದಕ್ಕೇ ನೋಡೋಣ ಅಂತಿರೋದು. ಎರಡು ದಿನ ಟೈಮ್ ಕೊಡಿ. ಅಲ್ಲೀತನಕ ಕೂಸಿಗೆ, ಅಂಗನವಾಡಿ ಮಕ್ಕಳಿಗೆ ಕುದಿಸಿ ಆರಿಸಿದ ನೀರೇ ಕೊಡಿ."

"ನಿನ್ ಮಾತಿಗೆ ಕೊಡ್ತೀನಿ" ಎಂದು ಬಾಟಲಿಯ ನೀರನ್ನು ಚೆಲ್ಲಿದರು.

ಪುಷ್ಪಮ್ಮ ಔಷಧ ಹಾಕಿದ ಎರಡು ಪುಟ್ಟ ಸೀಸೆಗಳಲ್ಲಿ ಅದೇ ಎರಡು ನಲ್ಲಿಗಳ ನೀರು ತುಂಬಿ, ಚೀಟಿ ಅಂಟಿಸಿ, ನಮ್ಮ ಕಪಾಟಿನಲ್ಲಿಟ್ಟರು. ಕೊಳಕು ಸೇರಿದ ನೀರಾದರೆ ಸೀಸೆ ಕಪ್ಪಾಗುತ್ತದೆ ಎಂದರು. ಭರಣಿಯ ಮಿಡಿ ನೋಡುವಂತೆ ಹೇಮಕ್ಕ ಗಂಟೆಗೊಮ್ಮೆ ಕಪಾಟು ತೆರೆದು ನೋಡಿದರು. ಮೊದಲ ದಿನ ಸಂಜೆಗೆ ಏನೂ ಆಗಲಿಲ್ಲ. "ನೋಡ್ದ್ಯಾ?" ಎಂದರು ನನಗೆ.

ಮಾರನೇ ಬೆಳಿಗ್ಗೆ ನಾನು ಬಂದಾಗ ಅವರು ಕಪಾಟಿನ ಎದುರು ನೆಲದ ಮೇಲೆ ಕೂತಿದ್ದರು. ಟ್ಯಾಂಕಿನ ಸೀಸೆ ಮೊದಲಿನ ಬಣ್ಣದಲ್ಲೇ ಇತ್ತು. ಅಂಗನವಾಡಿಯ ಸೀಸೆ ಕಾಡಿಗೆಯಷ್ಟು ಕಪ್ಪಾಗಿತ್ತು.

"ಬಾಟಲಿ ತುಂಬಿ ತುಂಬಿ ನಾನೇ ಕುಡಿಸಿದ್ನಲ್ಲೇ ಕುಮುದಾ" ಎಂದರು.

ನಾನು ಅವರ ಪಕ್ಕದಲ್ಲಿ ಕೂತೆ.

ಪುಷ್ಪಮ್ಮ ಬಂದು ಸೀಸೆ ನೋಡಿ, ಹೇಮಕ್ಕನ ಬೆನ್ನ ಮೇಲೆ ಕೈಯಿಟ್ಟರು. "ನೀವು ಒಳ್ಳೇದು ಅಂತಲೇ ಕೊಟ್ರಿ. ತೀರ್ಥೇಶನೂ ಅವನ ಕೆಲಸ ಮಾಡಿದ್ದ. ಕೊನೇ ನಲ್ಲಿ ಒಂದನ್ನ ನಾವು ಯಾರೂ ನೋಡಲಿಲ್ಲ, ನಾನೂ ಸೇರಿ. ಈಗ ನೋಡಿದ್ವಲ್ಲ."

ಆಸ್ಪತ್ರೆಯ ಡಾಕ್ಟರಿಗೂ ಹೇಳಿದೆವು. ಭೇದಿಗೆ ಕಾರಣ ಇದೊಂದೇ ಎನ್ನಲಾಗದು, ಆದರೆ ಆ ನೀರು ನಿಲ್ಲಿಸಿದ್ದು ಒಳ್ಳೆಯದಾಯಿತು ಎಂದರು. ಓಆರ್‌ಎಸ್ ನೀರು, ಜಿಂಕ್ ಮಾತ್ರೆ ಮುಂದುವರಿಸಲು ಹೇಳಿದರು.

ಹೇಮಕ್ಕ ಆ ದಿನವೇ ಬ್ಲೀಚಿಂಗ್ ಪುಡಿ ತಂದು ಮಿಷನ್ನಿಗೆ ಸುರಿಯಲು ಹೊರಟಿದ್ದರು. ಪುಷ್ಪಮ್ಮ ತಡೆದು ರವೀಂದ್ರನಿಗೆ ಫೋನು ಮಾಡಿಸಿದರು. "ಸುರೀಬೇಡಿ ಅಕ್ಕ, ಹೆಚ್ಚಾದ್ರೆ ಕಾಳು ಹಾಳಾಗತ್ತೆ. ಈ ಮಿಷನ್ನಿಗೆ ಏನು ಔಷಧ, ಎಷ್ಟು ಅಂತ ಲೆಕ್ಕ ಇದೆ. ನಾನೇ ಬರ್ತೀನಿ" ಎಂದ. ಬಂದು ಒಳಗಿನ ಕಾಳನ್ನು ಸರಿಯಾಗಿ ಶುದ್ಧಿ ಮಾಡಿಕೊಟ್ಟ. ಅಂಗನವಾಡಿಯ ಪೈಪನ್ನು ಕಿತ್ತು, ಮಿಷನ್ನಿಗಿಂತ ಮೊದಲೇ ಟ್ಯಾಂಕಿನ ಲೈನಿಗೆ ಸೇರಿಸಿದ.

"ಮತ್ತೆ ಗಡಸು ನೀರೇ ಕುಡಿಯೋದಾ ಮಕ್ಕಳು?" ಎಂದರು ಹೇಮಕ್ಕ.

"ನಮ್ಮೂರ ನೀರಿನ ಗಡಸು ಸೋಪಿಗೆ, ಬಾಯ್ಲರಿಗೆ ಕಷ್ಟ. ಕುಡಿಯೋರಿಗೆ ತೊಂದರೆ ಇಲ್ಲ" ಎಂದರು ಪುಷ್ಪಮ್ಮ. "ರಕ್ತದೊತ್ತಡ ಇರೋರಿಗಂತೂ ಮಿಷನ್ ನೀರಿಗಿಂತ ಇದೇ ವಾಸಿ, ಸೋಡಿಯಂ ಕಮ್ಮಿ."

ಶೆಡ್ಡಿನ ಕೆಲಸಕ್ಕೆ ಮಿಷನ್ನಿನ ನೀರೇ ಬೇಕಲ್ಲ. ಅದಕ್ಕೆ ಮಿಷನ್ನಿನಿಂದ ಆಚೆ ಮುಚ್ಚಳವಿರುವ ಸಣ್ಣ ಟ್ಯಾಂಕು ಇಟ್ಟೆವು. ಮೆದುವಾದ ನೀರು ಅದಕ್ಕೆ ಬೀಳುತ್ತದೆ. ಅಟ್ಟದಿಂದ ಇಳಿದ ಕ್ಲೋರಿನ್ ಸೀಸೆಯ ದಿನಾಂಕ ಮೀರಿತ್ತು, ಹೊಸದು ತಂದೆವು. ಅದರ ಚೀಟಿಯಲ್ಲಿ ಬರೆದಷ್ಟೇ ಹನಿ ಹಾಕಿ, ಅರ್ಧ ಗಂಟೆ ಬಿಟ್ಟು, ಬಣ್ಣ ನೋಡಿ, ಆಮೇಲೆ ಬಾಟಲಿಗೆ ಕೈ ಹಾಕುತ್ತೇವೆ. ಆ ಬಣ್ಣ ನೋಡುವ ಕೆಲಸ ನನ್ನದು. ಪುಷ್ಪಮ್ಮ ಕಲಿಸಿದರು. ಪರೀಕ್ಷೆ ಮಾಡಿದ ನೀರನ್ನು ಕುಡಿಯಬಾರದು, ಚೆಲ್ಲಬೇಕು ಎಂಬುದನ್ನು ನನ್ನಿಂದ ಮೂರು ಸಲ ಹೇಳಿಸಿದರು.

ಎಂಟು ದಿನ ಬಿಟ್ಟು ಅಂಗನವಾಡಿಯ ನಲ್ಲಿಯ ನೀರನ್ನು ಮತ್ತೆ ಪುಟ್ಟ ಸೀಸೆಯಲ್ಲಿ ಇಟ್ಟು ನೋಡಿದೆವು. ಕಪ್ಪಾಗಲಿಲ್ಲ. ತಿಂಗಳಲ್ಲಿ ಧನ್ಯಶ್ರೀ ಹನ್ನೊಂದೂ ಮುಕ್ಕಾಲು ಕೆ.ಜಿ. ಆದಳು. ಈಗ ಅಜ್ಜಿಯ ಸೆರಗು ಹಿಡಿಯುವುದಿಲ್ಲ, ಎಳೆದುಕೊಂಡು ಓಡುತ್ತಾಳೆ. ದಿನಾ ಬೆಳಿಗ್ಗೆ ಹೇಮಕ್ಕ ಅಂಗನವಾಡಿಯ ನಲ್ಲಿಯ ನೀರನ್ನು ಕೊಳವೆಯಲ್ಲಿ ಹಿಡಿದು, ಹನಿ ಬಿಟ್ಟು, ಬೆಳಕಿಗೆ ಎತ್ತುತ್ತಾರೆ.

"ಎಂತ ಬಣ್ಣನೇ ಕೂಸೇ?"

"ಹಳದಿ."

"ಹಂಗಾದ್ರೆ ನಲ್ಲಿ ನೀರು ಕುಡಿ, ಹೋಗು" ಎಂದು ಕೊಳವೆಯ ನೀರನ್ನು ಚೆಲ್ಲುತ್ತಾರೆ.

ಬಸಳೆ ಚಪ್ಪರವನ್ನು ಆ ಕಡೆ ಗೋಡೆಗೆ ಸಾಗಿಸಿದ್ದಾರೆ. ಚಿಗುರಿದೆ. "ಉಪ್ಪಿದ್ದಲ್ಲಿ ಹುಳ ಇಲ್ಲ" ಎಂದು ಈಗಲೂ ಹೇಳುತ್ತಾರೆ. "ಅದು ಭರಣಿ ಮಾತು, ನಲ್ಲಿ ಮಾತಲ್ಲ" ಎಂದು ಸೇರಿಸುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ಹೋಟೆಲಿನಲ್ಲಿ, ಸಂಘದಲ್ಲಿ ನೀರು ಮೆದು ಮಾಡುವ ಮಿಷನ್ನು ಇದ್ದರೆ ಇರಲಿ, ಅದು ಕೆಟ್ಟದ್ದಲ್ಲ. ಆದರೆ ಅದು ಹುಳ ಕೊಲ್ಲುವುದಿಲ್ಲ, ಟ್ಯಾಂಕಿನ ಕ್ಲೋರಿನ್ನನ್ನೂ ಕಡಿಮೆ ಮಾಡಬಹುದು. ಕುಡಿಯುವ ನೀರನ್ನು ಆದಷ್ಟು ಮಿಷನ್ನಿಗಿಂತ ಮೊದಲೇ ಹಿಡಿಯಿರಿ. ಆಗದಿದ್ದರೆ ಮಿಷನ್ನಿನ ನಂತರ ಕ್ಲೋರಿನ್ ಹಾಕಿ ಅರ್ಧ ಗಂಟೆ ಕಾಯಿರಿ, ಇಲ್ಲವೇ ಕುದಿಸಿ ಕುಡಿಯಿರಿ. ಪೈಪು ಒಡೆದು ಕೆಸರು ಬಂದರೆ, ನೀರು ತಿಳಿಯಾಯಿತೆಂದು ಸುಮ್ಮನಾಗದೆ ಪರೀಕ್ಷೆ ಮಾಡಿಸಿ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಹೋಗಿ.

ಪರೀಕ್ಷೆಯ ಪೆಟ್ಟಿಗೆ ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಪಂಚಾಯಿತಿಯನ್ನೋ ಕೇಳಿದರೆ ಸಿಗಬಹುದು. ಕೇಳಲು ನಾಚಿಕೆ ಬೇಡ. ಟ್ಯಾಂಕಿನ ಬುಡದಲ್ಲಿ ಅಲ್ಲ, ನಿಮ್ಮ ಮಗು ಲೋಟ ಹಿಡಿಯುವ ನಲ್ಲಿಯಲ್ಲಿ ಇವತ್ತು ನೀರು ಯಾವ ಬಣ್ಣಕ್ಕೆ ಬರುತ್ತದೆ, ಒಮ್ಮೆ ನೋಡಿ.