ಜೇನಕ್ಕನ ಏಳನೇ ಪೆಟ್ಟಿಗೆ

ಜೇನಕ್ಕ ಜೇನುಪೆಟ್ಟಿಗೆಯ ಮುಚ್ಚಳ ತೆಗೆದರೆ ಜೇನುಹುಳುಗಳೂ ಸಿಟ್ಟು ಮರೆಯುತ್ತವೆ ಎನ್ನುತ್ತಾರೆ ನೆರೆಯವರು. ಆಕೆಯ ಹನ್ನೆರಡು ಪೆಟ್ಟಿಗೆಗಳ ಕೆಳಗೆ ಸೊಸೆ ಒಂದೊಂದು ತೂಕದ ಯಂತ್ರ ಕೂರಿಸಿದ್ದಳು. ಅದು ಗಂಟೆಗೊಮ್ಮೆ ಪೆಟ್ಟಿಗೆಯ ತೂಕ, ಬಿಸಿ ಅಳೆದು ತಾನಾಗಿಯೇ ಇಂಟರ್ನೆಟ್ಟಿನಲ್ಲಿ ಕಳಿಸುತ್ತದೆ. ಹೂ ಬಿಟ್ಟಾಗ ಜೇನು ತುಂಬಿ ಪೆಟ್ಟಿಗೆಯ ತೂಕ ಏರುವುದರಿಂದ, ಹೂ ಬಿಡುವ ಕಾಲ ತಿಳಿಯಬೇಕಾದ ಸಂಶೋಧಕರು ಆ ಮಾಹಿತಿಯನ್ನು ಕೊಳ್ಳುತ್ತಾರೆ. ಆದರೆ ಹೋದ ವರ್ಷ ಮಧ್ಯವರ್ತಿಯೊಬ್ಬ ಎಲ್ಲವನ್ನೂ ತನ್ನದೆಂದು ಮಾರಿಬಿಟ್ಟಿದ್ದ. ಜೇನಕ್ಕನ ಹೆಸರು ಎಲ್ಲೂ ಇರಲಿಲ್ಲ.

ಈ ಸಲ ಜೇನು ಸಾಕುವ ಮೂವತ್ತು ಮನೆಯವರು ಸೇರಿ ಬ್ಲಾಕ್‌ಚೈನ್ ಎಂಬ ವ್ಯವಸ್ಥೆ ಮಾಡಿಕೊಂಡರು; ಯಾವ ಅಳತೆ ಯಾರದೆಂದು ಹೆಸರು ಸಮೇತ ದಾಖಲಾಗುವ, ಎಲ್ಲರಿಗೂ ಕಾಣುವ ಕಂಪ್ಯೂಟರ್ ಲೆಕ್ಕದ ಪುಸ್ತಕ ಅದು. ಅವರಲ್ಲಿ ಯಾರ ಮಾಹಿತಿ ಬೇಕೆಂದು ಸಂಶೋಧನಾ ಕೇಂದ್ರ ಆರಿಸುವ ದಿನ ಬಂತು. ಬೆಳಿಗ್ಗೆಯೇ ಜೇನಕ್ಕ ಸೊಸೆಯ ಮೊಬೈಲ್ ರಿಪೇರಿ ಅಂಗಡಿಗೆ ಓಡಿಬಂದಳು.

"ಮರ್ಯಾದೆ ಹೋಯ್ತು ಕಣೇ! ಆ ಪುಸ್ತಕದಲ್ಲಿ ನಮ್ಮ ಏಳನೇ ಪೆಟ್ಟಿಗೆ ಒಂದೇ ಗಂಟೇಲಿ ನಾಲ್ಕು ಕೆ.ಜಿ. ಏರಿದೆಯಂತೆ!"

"ಹುಳಗಳು ಓವರ್‌ಟೈಮ್ ಮಾಡಿದ್ವಾ ಅತ್ತೆ?"

"ತಮಾಷೆ ಸಾಕು. ಗಾಳಿಗೆ ಮುಚ್ಚಳ ಹಾರದಿರಲಿ ಅಂತ ನಾನೇ ಕಲ್ಲು ಹೇರಿದ್ದೆ. ಈಗ ನನ್ನನ್ನ ಸುಳ್ಳುಗಾತಿ ಅಂತಾರೆ. ಬೇಗ ಅಳಿಸು."

ಕಾಯುತ್ತಿದ್ದ ಗಿರಾಕಿ ತಾನೇ ಎದ್ದು ಸ್ಟೂಲ್ ಬಿಟ್ಟುಕೊಟ್ಟ. ಅತ್ತೆ ಕನ್ನಡಕ ಮರೆತದ್ದು ಕಂಡು ಸೊಸೆ ಪರದೆಯ ಅಕ್ಷರ ದೊಡ್ಡದು ಮಾಡಿದಳು.

"ಅಳಿಸೋಕೆ ಬರಲ್ಲ ಅತ್ತೆ. ಇದರ ಪ್ರತಿ ಮೂವತ್ತು ಮನೇಲೂ ಇದೆ. ಒಬ್ಬರು ಕದ್ದು ತಿದ್ದಿದ್ರೆ ಉಳಿದವರದಕ್ಕೆ ತಾಳೆ ಆಗಲ್ಲ."

"ಅಳಿಸೋಕೆ ಬರದ ಪುಸ್ತಕ ಕಟ್ಕೊಂಡು ನಾನೇನು ಮಾಡ್ಲಿ?"

"ಹೋದ ವರ್ಷ ನಿಮ್ಮ ಹೆಸರು ಅಳಿಸಿದ್ರಲ್ಲ, ಅದೂ ಇನ್ನು ಆಗಲ್ಲ. ಯಂತ್ರಕ್ಕೆ ಕಲ್ಲು ಯಾವುದು, ಜೇನು ಯಾವುದು ಗೊತ್ತಿಲ್ಲ. ನಿಜ ಹೇಳೋದು ನಮ್ಮ ಕೆಲಸ. ಕೆಳಗೆ ಹೊಸ ಸಾಲು ಸೇರಿಸೋಣ."

"ಜನ ನಗಲ್ವಾ?"

"ನಗಲಿ ಬಿಡಿ."

ಜೇನಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಸರಿ, ಬರೆ. ಕಲ್ಲಿಟ್ಟವಳು ನಾನೇ ಅಂತ."

ಮಧ್ಯಾಹ್ನ ಕೇಂದ್ರದಿಂದ ಫೋನ್ ಬಂತು. "ಅಮ್ಮಾ, ಇಂಥ ಏರುಪೇರು ಹಲವರ ಮಾಹಿತೀಲಿದೆ. ಕಾರಣ ಹೇಳಿದವರು ನೀವೊಬ್ಬರೇ. ನಮಗೆ ನಿಮ್ಮ ಮಾಹಿತಿಯೇ ಬೇಕು. ವರದೀಲಿ ನಿಮ್ಮ ಹೆಸರೂ ಇರುತ್ತೆ."

ಜೇನಕ್ಕನ ಬೆನ್ನು ನೆಟ್ಟಗಾಯಿತು. "ಕೊಡ್ತೀನಿ. ತೂಕ, ಬಿಸಿ ಎರಡೇ. ಪೆಟ್ಟಿಗೆ ಇರೋ ಜಾಗ ಹೇಳಲ್ಲ, ಕಳ್ಳರ ಕಾಟ. ಒಂದು ವರ್ಷಕ್ಕೆ ಮಾತ್ರ. ಇದನ್ನೂ ಆ ಪುಸ್ತಕದಲ್ಲೇ ಬರೀಬೇಕು!"

"ನೋಡ್ರಪ್ಪಾ, ನಮ್ಮತ್ತೆ!" ಎಂದು ಸೊಸೆ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ತೋಟದ ಪಂಪು, ಕೊಟ್ಟಿಗೆಯ ಯಂತ್ರ ಅಳೆದುಕೊಡುವ ಮಾಹಿತಿಯೂ ನಿಮ್ಮ ದುಡಿಮೆಯೇ. ಯಾರಿಗೆ, ಯಾತಕ್ಕೆ, ಎಷ್ಟು ದಿನಕ್ಕೆ ಎಂದು ಕೇಳಿಯೇ ಒಪ್ಪಿಗೆ ಕೊಡಿ. ನಿಮ್ಮ ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಇಂಥ ಪುಸ್ತಕಕ್ಕೆ ಒಮ್ಮೆ ಸೇರಿಸಿದ್ದು ಅಳಿಯುವುದಿಲ್ಲ, ಆದ್ದರಿಂದ ನಿಜವನ್ನೇ ಸೇರಿಸಿ. ಅದರ ಪಕ್ಕದಲ್ಲಿ ನಿಮ್ಮ ಹೆಸರು ಇರಲಿ, ತಲೆಯೆತ್ತಿಕೊಂಡು.